ಮೈಕಿನಿಂದ ಕ್ಯಾಮೆರಾದವರೆಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಬ್ಯಾಂಡಿನಲ್ಲಿ ಹಾಡುತ್ತ ಸಿನಿಮಾದಲ್ಲೂ ನಟಿಸುವುದರ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಹೆಚ್ಚಿನ ಪತ್ರಗಳು ಕಾಸರಗೋಡು, ಮಂಜೇಶ್ವರ ತಾಲೂಕುಗಳಿಂದ ಬಂದಿವೆ. ತಾಳವಾಡಿ ಮತ್ತು ಅಕ್ಕಲಕೋಟೆಯಿಂದ ಒಂದೊಂದು ಬಂದಿದೆ. ಹೆಸರು ಹಾಕಬೇಡಿ ಎಂದು ಕೆಲವರು ಕೋರಿರುವುದರಿಂದ ಎಲ್ಲರದೂ ಊರು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ನಾವು ನಾಲ್ಕು ಮಂದಿ ಸೇರಿ ರಾಕ್ ಬ್ಯಾಂಡ್ ಮಾಡಿದ್ದೇವೆ. ಕನ್ನಡದಲ್ಲೂ ಮಲಯಾಳದಲ್ಲೂ ಸ್ವಂತ ಹಾಡುಗಳಿವೆ. ಮಂಗಳೂರಿನ ತಂಡವೊಂದು ತುಳು ಸಿನಿಮಾದಲ್ಲಿ ನಾಯಕನ ಗೆಳೆಯನ ಪಾತ್ರಕ್ಕೆ ನನ್ನನ್ನು ಕರೆದಿದೆ. ಸಿನಿಮಾಕ್ಕೆ ಹೋದವನ ಹಾಡು ಅಲ್ಲಿಗೇ ನಿಂತಿತು ಎಂದು ಗೆಳೆಯರು ಹೇಳುತ್ತಾರೆ. ಎರಡನ್ನೂ ಉಳಿಸಿಕೊಂಡವರು ಇದ್ದಾರೆಯೇ?
– ಪದವಿ ವಿದ್ಯಾರ್ಥಿ, ಬದಿಯಡ್ಕ

ಉತ್ತರ: ಇದ್ದಾರೆ. ಆದರೆ ಗೆಳೆಯರ ಮಾತಿನಲ್ಲೂ ಹುರುಳಿದೆ, ಅದನ್ನೇ ಮೊದಲು ನೋಡೋಣ. ಅಮೆರಿಕದ ರಾಕ್ ಹಾಡುಗಾರ ಎಲ್ವಿಸ್ ಪ್ರೀಸ್ಲಿ 1956ರಿಂದ 1969ರ ಒಳಗೆ 31 ಕಥಾಚಿತ್ರಗಳಲ್ಲಿ ನಟಿಸಿದರು. ಅರವತ್ತರ ದಶಕದ ನಡುವಿನಲ್ಲಿ ವರ್ಷಕ್ಕೆ ಮೂರರಂತೆ ಸಿನಿಮಾ ಬರುತ್ತಿತ್ತು, ಸಿನಿಮಾ ಹೊತ್ತುಕೊಂಡೇ ಹಾಡುಗಳೂ ಬರುತ್ತಿದ್ದವು. ಅವರ ಹಾಡುಗಳ ಪ್ರಕಾಶನ ನೋಡಿಕೊಳ್ಳುತ್ತಿದ್ದವರಿಗೆ ರಾಯಧನದಲ್ಲಿ (ರಾಯಲ್ಟಿ) ಪಾಲು ಬಿಟ್ಟುಕೊಡಲು ಒಪ್ಪಿದ ಲೇಖಕರ ಹಾಡುಗಳಿಗೇ ಹೆಚ್ಚಾಗಿ ಬಾಗಿಲು ತೆರೆಯುತ್ತಿತ್ತು. ಒಪ್ಪದ ಒಳ್ಳೆಯ ಲೇಖಕರು ದೂರವೇ ಉಳಿದರು. 1961ರ ಮಾರ್ಚ್‌ನಲ್ಲಿ ಹವಾಯಿಯಲ್ಲಿ ಹಾಡಿದ ಮೇಲೆ ಏಳು ವರ್ಷ ಅವರು ಜನರೆದುರು ಸಂಗೀತ ಕಾರ್ಯಕ್ರಮ ಕೊಡಲಿಲ್ಲ. 1968ರಲ್ಲಿ ಟಿ.ವಿ.ಗಾಗಿ ಸಣ್ಣದೊಂದು ಸಭೆಯ ಮುಂದೆ ಕುಳಿತು ಹಾಡಿದಾಗ, ಕಂಠ ಹೋಗಿಲ್ಲ, ಹೋಗಿದ್ದು ಹಾಡಿನ ಆಯ್ಕೆ ಮಾತ್ರ ಎಂಬುದು ಜಗತ್ತಿಗೆ ಗೊತ್ತಾಯಿತು. ಮರುವರ್ಷ ಲಾಸ್ ವೇಗಸ್‌ನಲ್ಲಿ ಮತ್ತೆ ವೇದಿಕೆ ಹತ್ತಿದರು.

ಇನ್ನೊಂದು ಕಡೆ ಇಂಗ್ಲೆಂಡಿನ ರಾಕ್ ಹಾಡುಗಾರ ಡೇವಿಡ್ ಬೋವಿಯನ್ನು ನೋಡಿ. 1976ರ ಅವರ ಮೊದಲ ದೊಡ್ಡ ಚಿತ್ರ 'ದಿ ಮ್ಯಾನ್ ಹೂ ಫೆಲ್ ಟು ಅರ್ಥ್'. ಅದರಲ್ಲಿ ಅವರ ಸಂಗೀತವೇ ಇಲ್ಲ, ಬೇರೆಯವರ ಸಂಗೀತವಿದೆ. ಆದರೆ ಆ ಚಿತ್ರದ ಸ್ಥಿರಚಿತ್ರಗಳು ಅವರ ಎರಡು ಆಲ್ಬಮ್‌ಗಳ ಮುಖಪುಟಕ್ಕೆ ಬಂದವು. ಪಾತ್ರ ಹಾಡಿಗೆ ಮುಖವಾಯಿತು, ಹಾಡಿನ ಜಾಗವನ್ನು ಕಬಳಿಸಲಿಲ್ಲ. 1983ರಲ್ಲಿ ಜಪಾನಿನ ನಿರ್ದೇಶಕ ನಾಗಿಸಾ ಓಶಿಮಾ ಅವರ ಯುದ್ಧಕೈದಿಗಳ ಚಿತ್ರದಲ್ಲಿ ಬೋವಿ ನಟಿಸಿದರು. ಅದೇ ವರ್ಷ ಅತಿ ಹೆಚ್ಚು ಮಾರಾಟವಾದ ಅವರ ಆಲ್ಬಮ್ಮೂ ಹೊರಬಂತು. ಆ ಚಿತ್ರದ ಇನ್ನೊಬ್ಬ ಮುಖ್ಯ ನಟ ರ‍್ಯುಯಿಚಿ ಸಕಾಮೊಟೊ ಕೂಡ ಸಂಗೀತಗಾರರೇ. ಅವರು ನಟನೆಯ ಜೊತೆಗೆ ಚಿತ್ರಕ್ಕೆ ಸಂಗೀತವನ್ನೂ ಕೊಟ್ಟರು. 2006ರಲ್ಲಿ ಬೋವಿ ವಿಜ್ಞಾನಿ ನಿಕೋಲಾ ಟೆಸ್ಲಾ ಪಾತ್ರ ಮಾಡಿದರು. ಕೆಲವೇ ದೃಶ್ಯಗಳಾದರೂ ನೋಡಿದವರಿಗೆ ಮರೆಯುವುದಿಲ್ಲ. 2016ರ ಜನವರಿ 8ರಂದು, ತಮ್ಮ 69ನೇ ಹುಟ್ಟುಹಬ್ಬದ ದಿನ, ಕೊನೆಯ ಆಲ್ಬಮ್ ಬಿಡುಗಡೆ ಮಾಡಿ ಎರಡು ದಿನಕ್ಕೆ ತೀರಿಕೊಂಡರು. ಅಲ್ಲಿಯವರೆಗೂ ಅವರು ಮೊದಲು ಹಾಡುಗಾರ, ಆಮೇಲೆ ನಟ.

ನಿಮ್ಮ ವಿಷಯಕ್ಕೆ ಬಂದರೆ, ಪಾತ್ರ ಒಪ್ಪಿಕೊಳ್ಳಿ ಎಂದೇ ನಾವು ಹೇಳುತ್ತೇವೆ. ಗೆಳೆಯನ ಪಾತ್ರ ಕಲಿಯಲು ಒಳ್ಳೆಯ ಜಾಗ. ಸಿನಿಮಾ ಬಿದ್ದರೂ ಆ ಭಾರ ನಿಮ್ಮ ತಲೆಗೆ ಬರುವುದಿಲ್ಲ. ಆದರೆ ಮೊದಲು ದಿನಾಂಕ ಬರೆಸಿಕೊಳ್ಳಿ. ಸಣ್ಣ ಬಜೆಟ್ಟಿನ ಚಿತ್ರೀಕರಣ ಹಣ ಬಂದಾಗ ನಡೆಯುತ್ತದೆ, ನಿಂತಾಗ ನಿಲ್ಲುತ್ತದೆ. ಗಡ್ಡ, ಕೂದಲು ಹಾಗೇ ಇರಲಿ, ಮುಂದಿನ ಹಂತಕ್ಕೆ ಬೇಕು ಎಂದು ಹೇಳಿ ತಿಂಗಳುಗಟ್ಟಲೆ ನಿಮ್ಮನ್ನು ಕಟ್ಟಿಹಾಕಬಹುದು. ಒಟ್ಟು ಎಷ್ಟು ದಿನ, ಯಾವ ತಾರೀಕಿನ ಒಳಗೆ, ದಾಟಿದರೆ ಪ್ರತಿ ದಿನಕ್ಕೆ ಎಷ್ಟು ಎಂಬ ಮೂರು ಸಾಲು ಕಾಗದದಲ್ಲಿ ಇರಲಿ. ನೀವು ಮೊದಲೇ ಒಪ್ಪಿಕೊಂಡ ಕಾರ್ಯಕ್ರಮಗಳ ಪಟ್ಟಿಯನ್ನೂ ಅದಕ್ಕೆ ಸೇರಿಸಿ. ರೋಲಿಂಗ್ ಸ್ಟೋನ್ಸ್ ತಂಡದ ಮಿಕ್ ಜಾಗರ್‌ಗೂ ಈ ತೊಡಕು ಬಂದಿತ್ತು. ಜರ್ಮನಿಯ ನಿರ್ದೇಶಕ ವರ್ನರ್ ಹೆರ್ಜಾಗ್ ಅವರ 'ಫಿಟ್ಸ್‌ಕರಾಲ್ಡೊ' ಚಿತ್ರದಲ್ಲಿ ಜಾಗರ್ ಒಂದಷ್ಟು ಭಾಗ ನಟಿಸಿಯೂ ಇದ್ದರು. ಮುಖ್ಯ ನಟ ಕಾಯಿಲೆ ಬಿದ್ದು ಎಲ್ಲವನ್ನೂ ಮೊದಲಿನಿಂದ ತೆಗೆಯಬೇಕಾಗಿ ಬಂದಾಗ ಬ್ಯಾಂಡಿನ 1981ರ ಪ್ರವಾಸ ಎದುರಾಯಿತು, ಜಾಗರ್ ಹೊರಟರು. ನಿರ್ದೇಶಕರು ಆ ಪಾತ್ರವನ್ನೇ ಕಥೆಯಿಂದ ತೆಗೆದುಹಾಕಿದರು.

ಬ್ಯಾಂಡಿನ ಉಳಿದ ಮೂವರನ್ನು ಕೂರಿಸಿಕೊಂಡು ಈಗಲೇ ಮಾತಾಡಿ. ನೀವು ಶೂಟಿಂಗಿನಲ್ಲಿರುವಾಗ ಅವರು ಹಾಡಿನ ವಾದ್ಯಭಾಗ ರೆಕಾರ್ಡ್ ಮಾಡಿಟ್ಟರೆ, ನೀವು ಬಂದು ಕಂಠ ಸೇರಿಸಿದರೆ ಆಯಿತು. ತಿಂಗಳಿಗೆ ಒಂದು ಹೊಸ ಹಾಡಾದರೂ ಹೊರಬರುತ್ತಿರಲಿ.

ಪ್ರಶ್ನೆ: ನಾನು ತೆಂಕುತಿಟ್ಟಿನ ಯಕ್ಷಗಾನ ಕಲಿಯುತ್ತಿದ್ದೇನೆ, ಬ್ಯಾಂಡಿನಲ್ಲೂ ಹಾಡುತ್ತೇನೆ. ಯಕ್ಷಗಾನದವರು ಕ್ಯಾಮೆರಾ ಮುಂದೆ ಅತಿ ಮಾಡುತ್ತಾರೆ, ಮೊದಲು ಅದನ್ನು ಬಿಡು ಎಂದು ಒಬ್ಬರು ಹೇಳಿದರು. ಬಿಡಬೇಕೇ?
– ನೀರ್ಚಾಲು

ಉತ್ತರ: ಖಂಡಿತ ಬಿಡಬೇಡಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ನೆಲದಲ್ಲಿದ್ದುಕೊಂಡು ಈ ವಿದ್ಯೆ ಬಿಟ್ಟರೆ ನಷ್ಟ ನಿಮಗೇ. ಬೋವಿ ಹೆಸರು ಮಾಡುವ ಮೊದಲೇ, 1967–68ರ ಸುಮಾರಿಗೆ, ಲಿಂಡ್ಸೆ ಕೆಂಪ್ ಎಂಬ ಮೂಕಾಭಿನಯದ ಗುರುವಿನ ಬಳಿ ಮೈ ಪಳಗಿಸಿಕೊಂಡಿದ್ದರು. 1980ರಲ್ಲಿ 'ದಿ ಎಲಿಫೆಂಟ್ ಮ್ಯಾನ್' ನಾಟಕದಲ್ಲಿ ವಿಕಾರ ದೇಹದ ಮನುಷ್ಯನ ಪಾತ್ರವನ್ನು ಯಾವ ಅಂಟು ಮೇಕಪ್ಪೂ ಇಲ್ಲದೆ, ಬೆನ್ನು, ಕುತ್ತಿಗೆ, ಬಾಯಿ ತಿರುಚಿಯೇ ಅವರು ಕಟ್ಟಿಕೊಟ್ಟದ್ದು ಆ ಪಾಠದ ಬಲದಿಂದ. ನಮ್ಮಲ್ಲಿ ರಘು ದೀಕ್ಷಿತ್ ಅವರ ವೇದಿಕೆಯ ನಡೆ ಅಷ್ಟು ಚುರುಕಾಗಿರುವುದಕ್ಕೆ ಅವರ ಭರತನಾಟ್ಯದ ಅಭ್ಯಾಸವೂ ಕಾರಣ ಎಂದು ನಮಗನ್ನಿಸುತ್ತದೆ.

ಆದರೆ ನಿಮಗೆ ಹೇಳಿದವರ ಮಾತು ಪೂರ್ತಿ ಸುಳ್ಳಲ್ಲ. ಬಯಲಾಟದಲ್ಲಿ ಕಡೆಯ ಸಾಲಿನವನಿಗೂ ಕಾಣುವಂತೆ ಹುಬ್ಬು ಏರಿಸುತ್ತೀರಿ. ಸಿನಿಮಾ ಪರದೆಯ ಮೇಲೆ ಅದೇ ಹುಬ್ಬು ಮೊಳದುದ್ದ ಆಗುತ್ತದೆ. ಹಾಗಾಗಿ ಕಲಿತದ್ದನ್ನು ಬಿಡುವ ಮಾತಿಲ್ಲ, ಅಳತೆ ಬದಲಾಗಬೇಕು ಅಷ್ಟೆ. ಮೊಬೈಲನ್ನು ಕಣ್ಣಿನ ಎತ್ತರಕ್ಕೆ ಇಟ್ಟು ಒಂದೇ ಮಾತನ್ನು ಮೂರು ಸಲ ತೆಗೆಯಿರಿ. ಮೊದಲ ಸಲ ಆಳು ಪೂರ್ತಿ ಕಾಣುವಂತೆ, ಎರಡನೆಯದು ಸೊಂಟದಿಂದ ಮೇಲಕ್ಕೆ, ಮೂರನೆಯದು ಮುಖ ಮಾತ್ರ. ಮೊದಲನೆಯದರಲ್ಲಿ ಕೈ, ಹೆಜ್ಜೆ ಎಲ್ಲ ಇರಲಿ. ಎರಡನೆಯದರಲ್ಲಿ ಕೈ ಸೊಂಟದ ಮಟ್ಟದಿಂದ ಮೇಲೆ ಬಂದರೆ ಮಾತ್ರ ಕಾಣುತ್ತದೆ ಎಂಬುದನ್ನು ಗಮನಿಸಿ. ಮೂರನೆಯದರಲ್ಲಿ ತಲೆ ಅಲುಗಬಾರದು, ಭಾವ ಕಣ್ಣಿನಲ್ಲೇ ಆಗಬೇಕು. ಮಾತು ಹೇಳುವಾಗ ರೆಪ್ಪೆ ಪಟಪಟ ಬಡಿದರೆ ಪಾತ್ರ ಹೆದರಿದಂತೆ ಕಾಣುತ್ತದೆ.

ಹಾಡುಗಾರರಿಗೆ ಕಷ್ಟವಾಗುವುದು ಇನ್ನೊಂದಿದೆ. ವೇದಿಕೆಯಲ್ಲಿ ನೀವು ಸಭೆಯನ್ನು ನೋಡಿ ಹಾಡುತ್ತೀರಿ, ಸೆಟ್ಟಿನಲ್ಲಿ ಲೆನ್ಸಿನ ಕಡೆ ಕಣ್ಣು ಹೊರಳಿದರೆ ಟೇಕ್ ಹಾಳು. ನೆಲದಲ್ಲಿ ಟೇಪು ಅಂಟಿಸಿ ನಿಲ್ಲುವ ಗುರುತು ಮಾಡಿರುತ್ತಾರೆ. ಅದನ್ನು ಬಗ್ಗಿ ನೋಡದೆ ಬಂದು ನಿಲ್ಲಬೇಕು, ಒಂದು ಗೇಣು ಆಚೀಚೆಯಾದರೂ ಫೋಕಸ್ ತಪ್ಪುತ್ತದೆ. ಹೆಜ್ಜೆ ಎಣಿಸಿಕೊಂಡು ಹಿಂದಕ್ಕೆ ನಡೆದುಹೋಗಿ, ಅಷ್ಟೇ ಹೆಜ್ಜೆಯಲ್ಲಿ ಮುಂದೆ ಬನ್ನಿ. ತಾಳಕ್ಕೆ ಹೆಜ್ಜೆ ಹಾಕಿದವರಿಗೆ ಇದು ಬೇಗ ಕೈವಶವಾಗುತ್ತದೆ. ಯಾವ ಶಬ್ದಕ್ಕೆ ಲೋಟ ಎತ್ತಿದಿರಿ, ಯಾವ ಶಬ್ದಕ್ಕೆ ಇಟ್ಟಿರಿ ಎಂಬುದೂ ನೆನಪಿರಬೇಕು. ಅದೇ ದೃಶ್ಯವನ್ನು ಇನ್ನೊಂದು ಕೋನದಿಂದ ತೆಗೆಯುವಾಗ ಲೋಟ ಬೇರೆ ಶಬ್ದಕ್ಕೆ ಎದ್ದರೆ ಸಂಕಲನಕಾರರಿಗೆ ಎರಡು ತುಣುಕು ಸೇರಿಸಲು ಬರುವುದಿಲ್ಲ.

ತಾಳಮದ್ದಳೆಗೂ ಹೋಗಿ ಕುಳಿತುಕೊಳ್ಳಿ. ವೇಷವಿಲ್ಲ, ಕುಣಿತವಿಲ್ಲ, ಎದುರಿನವರ ಮಾತನ್ನು ಕೇಳಿಸಿಕೊಂಡು ಉತ್ತರ ಹುಟ್ಟಬೇಕು. ಸಿನಿಮಾ ನಟನೆಯಲ್ಲೂ ಅರ್ಧ ಕೆಲಸ ಕೇಳಿಸಿಕೊಳ್ಳುವುದೇ.

ಪ್ರಶ್ನೆ: ಮಗ ರಾಕ್ ಹಾಡುತ್ತಾನೆ, ಕಿರುಚಿದ ಹಾಗೆ ಹಾಡುವುದೂ ಉಂಟು. ಕಾರ್ಯಕ್ರಮದ ಮರುದಿನ ಸ್ವರ ಪೂರ್ತಿ ಕಟ್ಟಿಕೊಳ್ಳುತ್ತದೆ. ಕಷಾಯ ಮಾಡಿಕೊಡುತ್ತೇನೆ, ಎರಡು ದಿನಕ್ಕೆ ಸರಿಯಾಗುತ್ತದೆ. ಈಗ ಸಿನಿಮಾಕ್ಕೆ ಮಾತು ಡಬ್ ಮಾಡುವ ಅವಕಾಶವೂ ಬಂದಿದೆ. ಹಾಡುವುದನ್ನು ನಿಲ್ಲಿಸಲು ಹೇಳಬೇಕೇ?
– ತಾಯಿ, ಮಂಜೇಶ್ವರ

ಉತ್ತರ: ನಿಲ್ಲಿಸಬೇಕಾಗಿಲ್ಲಮ್ಮ, ಹಾಡುವ ಕ್ರಮ ಬದಲಾಗಬೇಕು. ಆದರೆ ಪ್ರತಿ ಕಾರ್ಯಕ್ರಮದ ಮರುದಿನವೂ ಸ್ವರ ಕಟ್ಟುತ್ತದೆ ಎಂದರೆ ಏನೋ ತಪ್ಪು ನಡೆಯುತ್ತಿದೆ, ಇದನ್ನು ಸಣ್ಣದೆಂದು ಬಿಡಬೇಡಿ.

ಗಂಟಲೊಳಗಿನ ಎರಡು ಸ್ವರತಂತುಗಳು ಒಂದಕ್ಕೊಂದು ಬಡಿದು ಸ್ವರ ಹುಟ್ಟುತ್ತದೆ. 440 ಹರ್ಟ್ಸ್‌ನ ಸ್ವರ ಹಾಡಿದರೆ ಸೆಕೆಂಡಿಗೆ 440 ಸಲ ಬಡಿಯುತ್ತವೆ. ಕುತ್ತಿಗೆ ಬಿಗಿದು, ಉಸಿರು ಒತ್ತಿ ಕಿರುಚಿದರೆ ಆ ಬಡಿತ ಜೋರಾಗಿ ತಂತು ಬಾತುಕೊಳ್ಳುತ್ತದೆ. ಅದೇ ಮರುದಿನದ ಒಡಕು ಸ್ವರ. ಬಾವು ಇಳಿಯುವ ಮೊದಲೇ ಮತ್ತೆ ಮತ್ತೆ ಹೀಗಾದರೆ, ಬಡಿತ ಹೆಚ್ಚು ಬೀಳುವ ಜಾಗದಲ್ಲಿ ಎರಡೂ ಕಡೆ ಗಂಟು ಕಟ್ಟುತ್ತದೆ. ಪಳಗಿದ ರಾಕ್ ಹಾಡುಗಾರರ ಒರಟು ಸ್ವರ ಹೆಚ್ಚಾಗಿ ಸ್ವರತಂತುವಿನ ಮೇಲುಗಡೆ ಇರುವ ಮಡಿಕೆಗಳು ಅದುರುವುದರಿಂದ ಬರುತ್ತದೆ, ಕೆಳಗಿನ ತಂತುವಿಗೆ ಅಷ್ಟು ಪೆಟ್ಟು ಬೀಳುವುದಿಲ್ಲ. ಇದನ್ನು ಯೂಟ್ಯೂಬ್ ನೋಡಿ ಅಂದಾಜಿನಲ್ಲಿ ಕಲಿಯುವುದು ಅಪಾಯ. ಹಾಡುವಾಗ ಗಂಟಲಲ್ಲಿ ಉರಿ, ತುರಿಕೆ, ಕೆಮ್ಮು ಬಂದರೆ ಆ ಕ್ರಮ ತಪ್ಪು. ನೋವಿಲ್ಲದೆ ಬಂದರೆ ಮಾತ್ರ ಮುಂದುವರಿಯಬಹುದು.

ಕಾರ್ಯಕ್ರಮದ ಮೊದಲು ಒಂದು ಲೋಟದಲ್ಲಿ ಎರಡು ಬೆರಳಿನಷ್ಟು ನೀರು ಹಾಕಿ, ತಂಪು ಪಾನೀಯದ ಸ್ಟ್ರಾ ಅದರಲ್ಲಿ ಅದ್ದಿ, ಗುಳ್ಳೆ ಬರಿಸುತ್ತ 'ಊ' ಎಂದು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಿಸಲಿ. ಐದು ನಿಮಿಷ ಸಾಕು. ಸ್ಟ್ರಾದ ಒತ್ತಡ ಹಿಮ್ಮುಖವಾಗಿ ತಂತುಗಳ ಮೇಲೆ ಬಿದ್ದು ಅವು ಗಟ್ಟಿಯಾಗಿ ಬಡಿದುಕೊಳ್ಳದಂತೆ ನೋಡಿಕೊಳ್ಳುತ್ತದೆ. ಕಾರ್ಯಕ್ರಮ ಮುಗಿದ ಮೇಲೂ ಹೀಗೆಯೇ ಮಾಡಿ ಸ್ವರ ಇಳಿಸಿಕೊಳ್ಳಲಿ. ವೇದಿಕೆ ಇಳಿದ ಕೂಡಲೇ ಗದ್ದಲದ ನಡುವೆ ಕೂಗಿ ಮಾತಾಡುವುದು ಹಾಡಿಗಿಂತ ಹೆಚ್ಚು ಹಾಳು ಮಾಡುತ್ತದೆ. ನಡುರಾತ್ರಿ ಪೊರೋಟ ತಿಂದು ಹಾಗೇ ಮಲಗಿದರೆ ಹೊಟ್ಟೆಯ ಆಮ್ಲ ಗಂಟಲಿಗೆ ಬಂದು ಬೆಳಗ್ಗೆ ಸ್ವರ ಭಾರವಾಗುತ್ತದೆ. ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಬೇಕು. ನಿಮ್ಮ ಕಷಾಯ ಬಿಸಿಯಾಗಿ ಹಿತ ಕೊಡುತ್ತದೆ, ಕೊಡಿ. ಆದರೆ ನುಂಗಿದ ಕಷಾಯ ಸ್ವರತಂತುವನ್ನು ಮುಟ್ಟುವುದಿಲ್ಲ, ಅದು ಅನ್ನನಾಳದ ದಾರಿಯಲ್ಲಿ ಹೋಗುತ್ತದೆ. ದಿನವಿಡೀ ಸಾಕಷ್ಟು ನೀರು ಕುಡಿಯುವುದೂ ಸಾದಾ ಬಿಸಿನೀರಿನ ಹಬೆ ತೆಗೆದುಕೊಳ್ಳುವುದೂ ಹೆಚ್ಚು ಉಪಯೋಗ. ಸ್ವರ ಕಟ್ಟಿದ ದಿನ ಪಿಸುಮಾತೂ ಬೇಡ, ಅದರಲ್ಲೂ ಗಂಟಲು ಬಿಗಿಯುತ್ತದೆ.

ಸ್ವರ ಒಡಕು ಮೂರು ನಾಲ್ಕು ವಾರ ಬಿಡದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರು ಕ್ಯಾಮೆರಾ ಹಾಕಿ ನೋಡಬೇಕು. ಹಾಡುತ್ತಿರುವಾಗಲೇ ತಟ್ಟನೆ ಸ್ವರ ಹೋದರೆ ಕಾಯುವಂತಿಲ್ಲ. ತಂತುವಿನೊಳಗೆ ರಕ್ತ ಒಸರಿರಬಹುದು, ಆ ಕ್ಷಣದಿಂದಲೇ ಮೌನವಾಗಿದ್ದು ವೈದ್ಯರನ್ನು ಕಾಣಬೇಕು. ಗಂಟು ಎಂದರೆ ಕೂಡಲೇ ಶಸ್ತ್ರಚಿಕಿತ್ಸೆ ಎಂದು ಹೆದರಬೇಡಿ. ಹೆಚ್ಚಿನವು ಸ್ವರಚಿಕಿತ್ಸೆಯ ಅಭ್ಯಾಸದಿಂದಲೇ ಕರಗುತ್ತವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದರ ತಜ್ಞರಿದ್ದಾರೆ.

ಡಬ್ಬಿಂಗ್ ಮತ್ತು ಕಾರ್ಯಕ್ರಮ ಒತ್ತೊತ್ತಾಗಿ ಇಟ್ಟುಕೊಳ್ಳಬಾರದು. ಹೊಡೆದಾಟದ ದೃಶ್ಯದ ಕೂಗಾಟ, ನರಳಾಟಗಳನ್ನು ದಿನದ ಕೊನೆಗೆ ಇಡಿ ಎಂದು ಸ್ಟುಡಿಯೋದವರಿಗೆ ಮೊದಲೇ ಹೇಳಲಿ. ಅದನ್ನು ಬೆಳಗ್ಗೆ ಮಾಡಿದರೆ ಮಧ್ಯಾಹ್ನದ ಮೆದು ಮಾತುಗಳಿಗೆ ಬೇರೆಯವರ ಸ್ವರ ಬಂದಂತಿರುತ್ತದೆ. ಹಾಡುಗಾರ, ನಟ ಎರಡೂ ಆಗಿದ್ದ ಮೀಟ್ ಲೋಫ್ 1977ರ ತಮ್ಮ ದೊಡ್ಡ ಆಲ್ಬಮ್ಮಿನ ಪ್ರವಾಸದ ಬಳಿಕ ಸ್ವರ ಕಳೆದುಕೊಂಡರು. ಮುಂದಿನ ಆಲ್ಬಮ್ಮಿಗೆಂದು ಬರೆದ ಹಾಡುಗಳನ್ನು ಕೊನೆಗೆ ಬರೆದವರೇ ಹಾಡಿ 1981ರಲ್ಲಿ ಹೊರತಂದರು. ಸ್ವರ ಕಾಯುವುದಿಲ್ಲ, ನಾವೇ ಅದನ್ನು ಕಾಯಬೇಕು ಎಂದು ಮಗನಿಗೆ ಹೇಳಿ.

ಪ್ರಶ್ನೆ: ಶಾಲೆಯ ಸಭಾಂಗಣದಲ್ಲಿ ನಾವು ನುಡಿಸಲು ಶುರುಮಾಡಿದರೆ ಮೈಕ್ 'ಕುಂಯ್' ಎನ್ನುತ್ತದೆ. ಸೌಂಡಿನವರು ನಮ್ಮನ್ನು ಬೈಯುತ್ತಾರೆ, ನಾವು ಅವರನ್ನು.
– ಉಪ್ಪಳ

ಉತ್ತರ: ಮೊದಲು ಮೈಕ್ ಹಿಡಿಯುವ ಕೈ ನೋಡಿ. ರಾಕ್ ಹಾಡುಗಾರರು ಮೈಕಿನ ಜಾಲರಿಯನ್ನೇ ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವುದನ್ನು ವೀಡಿಯೋದಲ್ಲಿ ನೋಡಿ ಹಲವರು ಅನುಕರಿಸುತ್ತಾರೆ. ಜಾಲರಿಯ ಹಿಂಬದಿಯಲ್ಲಿರುವ ಕಿಂಡಿಗಳೇ ಹಿಂದಿನ ಶಬ್ದವನ್ನು ತಡೆಯುವ ವ್ಯವಸ್ಥೆ. ಅವನ್ನು ಮುಚ್ಚಿದರೆ ಮೈಕ್ ಎಲ್ಲ ಕಡೆಯ ಶಬ್ದವನ್ನೂ ಹೀರುತ್ತದೆ, ಎದುರಿಗಿರುವ ಮಾನಿಟರಿನ (ಹಾಡುವವರಿಗೆ ತಮ್ಮ ಸ್ವರ ಕೇಳಿಸಲು ಇಡುವ ಸ್ಪೀಕರ್) ಶಬ್ದ ಸುತ್ತಿ ಸುತ್ತಿ ಬಂದು ಕೂಗುತ್ತದೆ. ಹಿಡಿಯ ನಡುಭಾಗ ಹಿಡಿಯಿರಿ. ತುಟಿಯಿಂದ ಎರಡು ಬೆರಳು ದೂರ ಸಾಕು, ಏರು ಸ್ವರಕ್ಕೆ ಒಂದು ಗೇಣು ಹಿಂದೆ ಸರಿಯಿರಿ. ತೀರಾ ಹತ್ತಿರ ಹಾಡಿದರೆ ತಗ್ಗು ಸ್ವರ ಉಬ್ಬಿ ಸಾಹಿತ್ಯ ತಿಳಿಯುವುದಿಲ್ಲ.

ಮುಖ್ಯ ಸ್ಪೀಕರುಗಳು ಮೈಕಿಗಿಂತ ಮುಂದೆ, ಸಭೆಯ ಕಡೆ ಮುಖ ಮಾಡಿರಲಿ. ಶ್ಯೂರ್ ಎಸ್‌ಎಂ58 ತರಹದ ಕಾರ್ಡಿಯಾಯ್ಡ್ (ಮುಂದಿನ ಶಬ್ದ ಹಿಡಿದು ಹಿಂದಿನದನ್ನು ತಡೆಯುವ) ಮೈಕಾದರೆ ಮಾನಿಟರ್ ಸರಿಯಾಗಿ ಅದರ ಬೆನ್ನಿನ ನೇರಕ್ಕೆ ಬರಬೇಕು. ಇನ್ನೂ ಕಿರಿದಾಗಿ ಮುಂದಿನದನ್ನೇ ಹಿಡಿಯುವ ಸೂಪರ್ ಕಾರ್ಡಿಯಾಯ್ಡ್ ಆದರೆ ಬೆನ್ನಿನ ನೇರದಲ್ಲಿ ಇಡಬಾರದು, ಸ್ವಲ್ಪ ಓರೆಗೆ ಇಡಬೇಕು. ಬಳಸದ ಮೈಕುಗಳನ್ನು ಮ್ಯೂಟ್ ಮಾಡಿಸಿ. ಶೀಟಿನ ಮಾಡು, ಸಿಮೆಂಟಿನ ನೆಲ ಇರುವ ಸಭಾಂಗಣದಲ್ಲಿ ಶಬ್ದ ಪ್ರತಿಫಲಿಸುತ್ತಲೇ ಇರುತ್ತದೆ. ಅಲ್ಲಿ ಮೈಕ್ ಜೋರು ಮಾಡುವ ಬದಲು ಗಿಟಾರ್ ಆಂಪ್ಲಿಫೈಯರ್ ತಗ್ಗಿಸುವುದೇ ದಾರಿ. ಡ್ರಮ್ಮಿನ ಸದ್ದಿಗೆ ಗಿಟಾರ್ ಏರುತ್ತದೆ, ಗಿಟಾರಿಗೆ ಕಂಠ ಏರುತ್ತದೆ, ಕೊನೆಗೆ ಕೂಗುವುದು ಮೈಕ್. ಸೌಂಡಿನವರು ಕೆಟ್ಟವರಲ್ಲ, ಸಭೆ ಸೇರುವ ಮೊದಲು ಅವರಿಗೆ ಅರ್ಧ ಗಂಟೆ ಬಿಟ್ಟುಕೊಡಿ. ಮೈಕನ್ನು ನಿಧಾನ ಏರಿಸಿ, ಕೂಗುವ ಆವರ್ತನ ಹಿಡಿದು ಈಕ್ವಲೈಸರಿನಲ್ಲಿ ಅಷ್ಟನ್ನೇ ಮೂರು ಡೆಸಿಬೆಲ್ ಇಳಿಸಿದರೆ ಬಹಳಷ್ಟು ಸರಿಹೋಗುತ್ತದೆ.

ಪ್ರಶ್ನೆ: ನಮ್ಮ ಗಾಜನೂರಿನ ರಾಜ್‌ಕುಮಾರ್ ಮೊದಲಿನಿಂದಲೂ ತಮ್ಮ ಹಾಡು ತಾವೇ ಹಾಡುತ್ತಿದ್ದರೇ?
– ತಾಳವಾಡಿ, ಈರೋಡ್ ಜಿಲ್ಲೆ

ಉತ್ತರ: ನಾಟಕ ಕಂಪನಿಯ ವೇದಿಕೆಯಲ್ಲಿ ಹಾಡುತ್ತಿದ್ದರು, ಅಲ್ಲಿ ಹಾಡಲು ಬಾರದವರಿಗೆ ಪಾತ್ರವೇ ಇರಲಿಲ್ಲ. 1954ರಲ್ಲಿ 'ಬೇಡರ ಕಣ್ಣಪ್ಪ'ದಿಂದ ನಾಯಕರಾದ ಮೇಲೆ ಬಹುಕಾಲ ಪಿ.ಬಿ. ಶ್ರೀನಿವಾಸ್ ಅವರ ಕಂಠವೇ ರಾಜ್ ಕಂಠ. 1974ರ 'ಸಂಪತ್ತಿಗೆ ಸವಾಲ್' ಚಿತ್ರದ 'ಯಾರೇ ಕೂಗಾಡಲಿ' ಹಾಡಿನ ನಂತರ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ಇಂಗ್ಲಿಷ್ ಹಾಡೂ ಹಾಡಿದರು. 1992ರ 'ಜೀವನ ಚೈತ್ರ'ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಹಾಡುವ ನಟರು ಪಾತ್ರದ ಉಸಿರಿನಲ್ಲೇ ಹೇಗೆ ಹಾಡುತ್ತಾರೆ ಎಂದು ತಿಳಿಯಲು, ಯಾವ ಶೈಲಿಯವರೇ ಆಗಲಿ, ರಾಜ್ ಅವರ ಹಾಡು ಕೇಳಬೇಕು.

ಪ್ರಶ್ನೆ: ನಮ್ಮ ಹಾಡಿನ ವೀಡಿಯೋ ತೆಗೆದೆವು. ಹಾಡಿದ್ದು ನಾನೇ, ಆದರೂ ತುಟಿ ಹೊಂದುವುದಿಲ್ಲ, ನಾಟಕದಂತೆ ಕಾಣುತ್ತದೆ. ನಿಧಾನಗತಿಯ ಭಾಗದಲ್ಲಂತೂ ಪೂರ್ತಿ ತಪ್ಪಿದೆ.
– ಕುಂಬಳೆ

ಉತ್ತರ: ಬಹುಶಃ ನೀವು ಬರೇ ತುಟಿ ಆಡಿಸಿದ್ದೀರಿ. ಶೂಟಿಂಗಿನಲ್ಲಿ ರೆಕಾರ್ಡ್ ಮಾಡಿದ ಹಾಡನ್ನು ಸ್ಪೀಕರಿನಲ್ಲಿ ಜೋರಾಗಿ ಹಾಕಿ, ಅದರ ಜೊತೆ ನಿಜವಾಗಿಯೇ ಪೂರ್ತಿ ಸ್ವರದಲ್ಲಿ ಹಾಡಬೇಕು. ಕುತ್ತಿಗೆಯ ನರ, ಹೊಟ್ಟೆಯ ಅಲುಗಾಟ, ಉಸಿರು ಎಳೆಯುವಾಗಿನ ಭುಜ, ಇವೆಲ್ಲ ಸುಳ್ಳು ಹಾಡಿನಲ್ಲಿ ಬರುವುದಿಲ್ಲ. ರೆಕಾರ್ಡಿಂಗಿನಲ್ಲಿ ಎಲ್ಲೆಲ್ಲಿ ಉಸಿರು ತೆಗೆದುಕೊಂಡಿದ್ದೀರೋ ಅಲ್ಲೇ ಇಲ್ಲೂ ತೆಗೆದುಕೊಳ್ಳಬೇಕು, ಸಾಹಿತ್ಯದ ಹಾಳೆಯಲ್ಲಿ ಆ ಜಾಗಗಳಿಗೆ ಗುರುತು ಹಾಕಿಟ್ಟುಕೊಳ್ಳಿ. ಗಿಟಾರಿನ ಎಡಗೈ ನಿಜವಾದ ಕಾರ್ಡಿನ ಮೇಲೆಯೇ ಇರಲಿ, ನುಡಿಸಲು ಬಲ್ಲವರು ಮೊದಲು ನೋಡುವುದು ಅದನ್ನೇ.

ನಿಧಾನಗತಿಗೆ ಲೆಕ್ಕ ಹೀಗೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟಿನಲ್ಲಿ. ಕ್ಯಾಮೆರಾವನ್ನು 48ಕ್ಕೆ ಇಟ್ಟು ತೆಗೆದರೆ ಚಲನೆ ಅರ್ಧ ವೇಗಕ್ಕೆ ಇಳಿಯುತ್ತದೆ. ಹಾಗಾಗಿ ತೆಗೆಯುವಾಗ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, ಅದೇ ವೇಗದಲ್ಲಿ ನೀವು ಹಾಡಬೇಕು. 36ಕ್ಕೆ ತೆಗೆದರೆ ಹಾಡು ಒಂದೂವರೆ ಪಟ್ಟು. ಈ ವೇಗದ ಟ್ರ್ಯಾಕುಗಳನ್ನು ಮೊದಲೇ ಮಾಡಿಸಿಕೊಂಡು ಮನೆಯಲ್ಲಿ ಅಭ್ಯಾಸ ಮಾಡಿ. ಪ್ರತಿ ಟ್ರ್ಯಾಕಿನ ಮೊದಲಿಗೆ ನಾಲ್ಕು 'ಟಕ್' ಸೇರಿಸಿದರೆ ಆರಂಭ ತಪ್ಪುವುದಿಲ್ಲ.

ಪ್ರಶ್ನೆ: ಸಿನಿಮಾವೊಂದಕ್ಕೆ ನಾನೇ ಬರೆದು ರಾಗ ಹಾಕಿದ ಹಾಡನ್ನು ಕೊಡುತ್ತಿದ್ದೇನೆ, ನಾನೇ ಹಾಡುತ್ತೇನೆ, ಒಂದು ದೃಶ್ಯದಲ್ಲಿ ಕಾಣಿಸಿಕೊಳ್ಳುತ್ತೇನೆ. ನಿರ್ಮಾಪಕರು ಒಂದು ಪುಟದ ಕಾಗದ ಕಳಿಸಿದ್ದಾರೆ, ಅದರಲ್ಲಿ 'ಎಲ್ಲ ಹಕ್ಕುಗಳೂ ನಮ್ಮವು' ಎಂದು ಇದೆ. ಸಹಿ ಹಾಕಬಹುದೇ?
– ಅಕ್ಕಲಕೋಟೆ, ಸೊಲ್ಲಾಪುರ ಜಿಲ್ಲೆ

ಉತ್ತರ: ಹಾಗೇ ಹಾಕಬೇಡಿ. ಈ ಒಂದು ಪ್ರಶ್ನೆಯನ್ನು ಎಲ್ಲ ಹಾಡುಗಾರರೂ ಗಮನವಿಟ್ಟು ಓದಬೇಕು.

ನೀವು ಇಲ್ಲಿ ನಾಲ್ಕು ಜನ. ಸಾಹಿತಿ, ಸಂಗೀತಕಾರ, ಗಾಯಕ, ನಟ. 1957ರ ಕೃತಿಸ್ವಾಮ್ಯ ಕಾಯ್ದೆ, ಅದಕ್ಕೆ 2012ರಲ್ಲಿ ಆದ ತಿದ್ದುಪಡಿ, ಈ ನಾಲ್ವರನ್ನೂ ಬೇರೆ ಬೇರೆಯಾಗಿಯೇ ನೋಡುತ್ತವೆ. ಸಾಹಿತ್ಯ ಮತ್ತು ಸಂಗೀತದ ಹಕ್ಕನ್ನು ಸಿನಿಮಾಕ್ಕೆ ಬರೆದುಕೊಟ್ಟರೂ, ಚಿತ್ರಮಂದಿರದಲ್ಲಿ ಚಿತ್ರದ ಜೊತೆ ಕೇಳಿಸುವುದನ್ನು ಬಿಟ್ಟು ಬೇರೆ ಕಡೆಯ ಬಳಕೆಗೆ ಸಮಪಾಲಿನ ರಾಯಧನ ನಿಮಗೆ ಬರಬೇಕು. ಅದನ್ನು ಬಿಟ್ಟುಕೊಡುತ್ತೇನೆ ಎಂದು ನೀವೇ ಬರೆದುಕೊಟ್ಟರೂ ಕಾನೂನಿನಲ್ಲಿ ಅದು ನಿಲ್ಲುವುದಿಲ್ಲ. ಈ ರಾಯಧನ ವಸೂಲಾಗಬೇಕಾದರೆ ಸಾಹಿತಿ, ಸಂಗೀತಕಾರರ ಸಂಸ್ಥೆಯಾದ ಐಪಿಆರ್‌ಎಸ್‌ನಲ್ಲಿ ಸದಸ್ಯರಾಗಿ, ಪ್ರತಿ ಹಾಡನ್ನೂ ಅಲ್ಲಿ ನಮೂದಿಸಬೇಕು. ಸದಸ್ಯರಾಗಿ ಹಾಡು ನಮೂದಿಸದೆ ಬಿಡುವವರೇ ಹೆಚ್ಚು, ಹಣ ಬರುವುದಿಲ್ಲ ಎಂಬ ದೂರಿಗೆ ಬಹಳ ಸಲ ಕಾರಣ ಇದೇ. ಗಾಯಕರ ಹಕ್ಕಿಗೆ ಬೇರೆ ಸಂಘವಿದೆ, 2013ರಲ್ಲಿ ಇಸ್ರಾ ಹೆಸರಿನಲ್ಲಿ ನೋಂದಣಿಯಾದದ್ದು. ಬರೆಯುವ, ಹಾಡುವ ಎರಡೂ ಕೆಲಸ ಮಾಡುವವರು ಎರಡೂ ಕಡೆ ಹೋಗಬೇಕು.

ಈಗ ಕಾಗದ. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿದ್ದು ಸಹಿ ಆಗಿರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶ, ಎಷ್ಟು ಹಣ ಎಂಬುದು ಅದರಲ್ಲಿ ಕಾಣಬೇಕು. ವರ್ಷ ಹೇಳದಿದ್ದರೆ ಐದು ವರ್ಷ ಎಂದು, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರ ಎಂದು ಕಾಯ್ದೆ ಅರ್ಥ ಮಾಡುತ್ತದೆ. ಪಡೆದವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಕಾಗದದಲ್ಲಿ ಬೇರೆ ಹೇಳಿಲ್ಲವಾದರೆ, ಅದು ಕೊನೆಗೊಳ್ಳುತ್ತದೆ. ಆದ್ದರಿಂದಲೇ ಅನುಭವಿ ಕಂಪನಿಗಳ ಕರಾರಿನಲ್ಲಿ 'ಶಾಶ್ವತವಾಗಿ, ಜಗತ್ತಿನಾದ್ಯಂತ, ಬಳಸದಿದ್ದರೂ ಹಕ್ಕು ಹೋಗದು' ಎಂಬ ಸಾಲು ತಪ್ಪದೆ ಇರುತ್ತದೆ. ಆ ಸಾಲು ಕಂಡರೆ ಅದಕ್ಕೆ ತಕ್ಕ ಬೆಲೆ ಕೇಳಿ, ಇಲ್ಲವೇ ಸಿನಿಮಾ ಬಿಡುಗಡೆಯಾಗದೆ ಎರಡು ವರ್ಷ ಕಳೆದರೆ ಹಾಡು ನನಗೆ ಮರಳಬೇಕು ಎಂದು ಸೇರಿಸಿ. ವೇದಿಕೆಯಲ್ಲಿ ನನ್ನ ಬ್ಯಾಂಡಿನೊಂದಿಗೆ ಈ ಹಾಡು ಹಾಡುವ ಹಕ್ಕು ನನಗೆ ಇರುತ್ತದೆ ಎಂಬ ಸಾಲಂತೂ ಬೇಕೇ ಬೇಕು. ಇದನ್ನು ಮರೆತರೆ ನಿಮ್ಮದೇ ಹಾಡಿಗೆ ನೀವು ಅನುಮತಿ ಕೇಳುವ ಸ್ಥಿತಿ ಬರಬಹುದು.

ಕಾಣಿಸಿಕೊಳ್ಳುವ ದೃಶ್ಯದ ವಿಷಯವೂ ಸಣ್ಣದಲ್ಲ. ಸಿನಿಮಾದಲ್ಲಿ ಬಂದುಹೋಗುವ, ಹೆಸರಿನ ಪಟ್ಟಿಯಲ್ಲಿ ಎಲ್ಲೂ ನಮೂದಾಗದ ವ್ಯಕ್ತಿಯನ್ನು ಕಾಯ್ದೆ 'ಪ್ರದರ್ಶಕ' (ಪರ್ಫಾರ್ಮರ್) ಎಂದು ಪರಿಗಣಿಸುವುದಿಲ್ಲ, ರಾಯಧನದ ಪ್ರಶ್ನೆಯೇ ಅವರಿಗೆ ಏಳುವುದಿಲ್ಲ. ಹಾಗಾಗಿ ಗಾಯಕನೆಂದೂ ನಟನೆಂದೂ ಎರಡು ಕಡೆ ಪರದೆಯ ಮೇಲೆ ಹೆಸರು ಬರಬೇಕು ಎಂದು ಬರೆಸಿ, ಕಾಗುಣಿತವನ್ನೂ ಕೊಡಿ.

ಹಕ್ಕಿನ ಬೆಲೆ ತಡವಾಗಿ ತಿಳಿಯುತ್ತದೆ. 1997ರಲ್ಲಿ ಬೋವಿ 1990ಕ್ಕೆ ಮುಂಚಿನ ತಮ್ಮ 25 ಆಲ್ಬಮ್‌ಗಳ ಮುಂದಿನ ರಾಯಧನವನ್ನೇ ಆಧಾರವಾಗಿಟ್ಟು, ಶೇ. 7.9 ಬಡ್ಡಿಯ ಹತ್ತು ವರ್ಷದ ಬಾಂಡುಗಳ (ಸಾಲಪತ್ರ) ಮೂಲಕ 5.5 ಕೋಟಿ ಡಾಲರ್ ಎತ್ತಿದರು. ಅದರಲ್ಲಿ ಒಂದು ಪಾಲು ಹೋದದ್ದು ಚಿಕ್ಕವಯಸ್ಸಿನಲ್ಲಿ ಸಹಿ ಹಾಕಿದ ಕರಾರಿನಿಂದ ಹಳೆಯ ಮ್ಯಾನೇಜರ ಕೈಸೇರಿದ್ದ ಹಕ್ಕನ್ನು ಮರಳಿ ಕೊಳ್ಳುವುದಕ್ಕೆ. ಸಹಿಗೆ ಮುಂಚೆ ಸೊಲ್ಲಾಪುರದಲ್ಲಿ ಒಬ್ಬ ವಕೀಲರಿಗೆ ಕಾಗದ ತೋರಿಸಿ, ಆ ಖರ್ಚು ದಂಡವಲ್ಲ.

ಪ್ರಶ್ನೆ: ಆಡಿಷನ್ ವೀಡಿಯೋ ಮನೆಯಲ್ಲೇ ಮಾಡಿ ಕಳಿಸಲು ಹೇಳಿದ್ದಾರೆ. ನಾನು ಹಾಡುಗಾರ್ತಿ, ನಟನೆ ಹೊಸದು.
– ಪೆರ್ಲ

ಉತ್ತರ: ಮೊಬೈಲ್ ಅಡ್ಡಕ್ಕೆ, ಕಣ್ಣಿನ ಎತ್ತರಕ್ಕೆ. ಎದೆಯಿಂದ ಮೇಲಕ್ಕೆ ಕಾಣಲಿ, ಹಿಂದೆ ಖಾಲಿ ಗೋಡೆ, ಅದರಿಂದ ಎರಡು ಮೂರು ಅಡಿ ಮುಂದೆ ನಿಲ್ಲಿ. ಕಿಟಕಿ ನಿಮ್ಮ ಎದುರಿಗಿರಬೇಕು. ಮಳೆಗಾಲದಲ್ಲಿ ಹಂಚಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದು ಮಾತನ್ನು ನುಂಗುತ್ತದೆ, ಮಳೆ ನಿಂತ ಹೊತ್ತು ನೋಡಿಕೊಳ್ಳಿ, ಫ್ಯಾನ್ ನಿಲ್ಲಿಸಿ. ಎದುರು ಮಾತು ಓದುವವರು ಮೊಬೈಲಿನ ಪಕ್ಕದಲ್ಲೇ ನಿಂತು ಮೆಲ್ಲಗೆ ಓದಲಿ, ನೀವು ಅವರನ್ನು ನೋಡಿ. ಒಂದೂವರೆ ನಿಮಿಷ ಮೀರದಂತೆ ಎರಡು ಬಗೆ ಮಾಡಿ ಕಳಿಸಿ. ಹಿನ್ನೆಲೆ ಸಂಗೀತ, ಫಿಲ್ಟರ್ ಬೇಡ. ಹಾಡು ಕೇಳಿದ್ದರೆ ಮಾತ್ರ ಬೇರೆ ಕಡತದಲ್ಲಿ, ವಾದ್ಯವಿಲ್ಲದೆ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಗುಣಮಟ್ಟ ಕೆಡುವುದಿಲ್ಲ. ಆಡಿಷನ್ನಿಗೆ, ನೋಂದಣಿಗೆ, ಫೋಟೋ ಆಲ್ಬಮ್ಮಿಗೆ ಎಂದು ಯಾರಾದರೂ ಹಣ ಕೇಳಿದರೆ ಅಲ್ಲಿಗೇ ಬಿಡಿ. ನೇರ ಭೇಟಿಗೆ ಕರೆದರೆ ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ನನ್ನ ಮಾತು ಕಾಸರಗೋಡಿನ ಕನ್ನಡ. ಬೆಂಗಳೂರಿನ ಚಿತ್ರಕ್ಕೆ ಬೇರೆಯವರಿಂದ ಡಬ್ ಮಾಡಿಸುತ್ತೇವೆ ಎನ್ನುತ್ತಾರೆ.
– ಕಾಸರಗೋಡು

ಉತ್ತರ: ಒಪ್ಪಬೇಡಿ, ಹಾಡುಗಾರನಿಗೆ ಕಂಠವೇ ಗುರುತು. ಪಾತ್ರ ಕರಾವಳಿಯದ್ದಾದರೆ ನಿಮ್ಮ ಮಾತೇ ಆಸ್ತಿ. ಪಾತ್ರ ಬೆಂಗಳೂರಿನದ್ದಾದರೆ ಶೂಟಿಂಗಿಗೆ ಮೊದಲೇ ಆ ಮಾತು ಕಲಿಯಿರಿ, ಡಬ್ಬಿಂಗ್ ಹೊತ್ತಿಗೆ ಕಲಿತರೆ ಆಗುವುದಿಲ್ಲ. ಸೆಟ್ಟಿನಲ್ಲಿ 'ಹೋಗ್ತೇನೆ' ಎಂದವರು ಸ್ಟುಡಿಯೋದಲ್ಲಿ 'ಹೋಗ್ತೀನಿ' ಎಂದರೆ ಬಾಯಿಯ ಆಕಾರ ಪರದೆಯ ಮೇಲೆ ಹೊಂದುವುದಿಲ್ಲ. ಸ್ಟುಡಿಯೋದಲ್ಲಿ ಮೂರು 'ಬೀಪ್' ಕೇಳಿಸುತ್ತದೆ, ನಾಲ್ಕನೆಯದು ಬರಬೇಕಾದ ಜಾಗದಲ್ಲಿ ಮಾತು ಶುರು. ತಾಳ ಗೊತ್ತಿದ್ದವರಿಗೆ ಇದು ಸಲೀಸು. ಪರದೆಯಲ್ಲಿ ಓಡಿ ಬಂದು ಮಾತಾಡಿದ್ದರೆ ಮೈಕಿನ ಮುಂದೆಯೂ ನಿಂತಲ್ಲೇ ಸ್ವಲ್ಪ ಓಡಿ ಏದುಸಿರು ಬರಿಸಿಕೊಳ್ಳಿ.

ಪ್ರಶ್ನೆ: 80,000 ರೂಪಾಯಿ ಎಂದು ಹೇಳಿ 72,000 ಕೊಟ್ಟರು. ಮೋಸವೇ?
– ಮುಳ್ಳೇರಿಯ

ಉತ್ತರ: ಮೋಸವಲ್ಲ, ಶೇ. 10 ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಕಡಿತ ಇರಬೇಕು. ನಿಮ್ಮ ಪಾನ್ ಸಂಖ್ಯೆಯ ಲೆಕ್ಕಕ್ಕೆ 8,000 ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ನೋಡಿ, ನಿರ್ಮಾಪಕರಿಂದ ಕಡಿತದ ಪ್ರಮಾಣಪತ್ರವನ್ನೂ ಕೇಳಿ. ವರ್ಷದ ಒಟ್ಟು ಆದಾಯಕ್ಕೆ ತೆರಿಗೆ ಬೀಳದಿದ್ದರೆ ರಿಟರ್ನ್ ಸಲ್ಲಿಸಿ ಆ ಹಣ ಮರಳಿ ಪಡೆಯಬಹುದು. ಪಾನ್ ಕೊಡದಿದ್ದರೆ ಶೇ. 20 ಕಡಿಯುತ್ತಾರೆ. ಪ್ರಯಾಣ, ವಸತಿಯ ಖರ್ಚನ್ನು ಸಂಭಾವನೆಯ ಜೊತೆ ಸೇರಿಸದೆ, ಬಿಲ್ಲು ಲಗತ್ತಿಸಿ ಬೇರೆಯಾಗಿ ಕೇಳಿ.